ಒಮ್ಮೆ ಬರೆದ ಚಿತ್ರ, ಹಲವು ಸಲ ಮಾರಾಟ: ನನ್ನ ಅನುಭವ

ನಾನು ಡಿಜಿಟಲ್ ಚಿತ್ರ, ಪ್ಯಾಟರ್ನ್ (ಮತ್ತೆ ಮತ್ತೆ ಬರುವ ವಿನ್ಯಾಸ), ಐಕಾನ್‌ಗಳನ್ನು ಬರೆದು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಒಮ್ಮೆ ಅಪ್‌ಲೋಡ್ ಮಾಡಿದ ಫೈಲ್ ಮತ್ತೆ ಮತ್ತೆ ಮಾರಾಟವಾಗುತ್ತದೆ, ನಾನು ಬೇರೇನೋ ಮಾಡುತ್ತಿರುವಾಗಲೂ. ಆದರೆ ನನ್ನ ಮಾರಾಟದ ಪಟ್ಟಿಯಲ್ಲಿ ಮೇಲಿರುವುದು ಹೊತ್ತುಗೊತ್ತಿಲ್ಲದೆ ಕೂತು ಬರೆದ ದೊಡ್ಡ ಚಿತ್ರಗಳಲ್ಲ. ಎಲೆಬಳ್ಳಿಯ ಅಂಚುಗಳು, ನಡುವೆ ಖಾಲಿ ಜಾಗ ಬಿಟ್ಟ ಹಿನ್ನೆಲೆಗಳು, ಒಂದೇ ದಪ್ಪದ ಗೆರೆಯಲ್ಲಿ ಬರೆದ ಐಕಾನ್ ಸೆಟ್‌ಗಳು. ಕೊಳ್ಳಲು ಬರುವವರ ಕೈಯಲ್ಲಿ ಅರ್ಧ ಮುಗಿದ ಕೆಲಸವೊಂದು ಇರುತ್ತದೆ: ಆಮಂತ್ರಣ ಪತ್ರ, ಪ್ರೆಸೆಂಟೇಶನ್, ಸಾಬೂನಿನ ಲೇಬಲ್. ಆ ಕೆಲಸ ಮುಗಿಸಿಕೊಡುವ ಫೈಲ್‌ಗೆ ಅವರು ಹಣ ಕೊಡುತ್ತಾರೆ. ನನ್ನ ವಿಧಾನವೆಲ್ಲ ಈ ಒಂದು ಮಾತಿನಿಂದ ಹುಟ್ಟಿದ್ದು.

ಮೊದಲು ಎಲ್ಲಿ ಮಾರುವುದು ಅನ್ನುವುದನ್ನು ಹೇಳಿಬಿಡುತ್ತೇನೆ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್‌ನಂಥ ಸ್ಟಾಕ್ ತಾಣಗಳಲ್ಲಿ, ಅಂದರೆ ಬಳಕೆಗೆ ಸಿದ್ಧವಿರುವ ಚಿತ್ರಗಳ ಸಂಗ್ರಹ ತಾಣಗಳಲ್ಲಿ, ಬೆಲೆ ನಮ್ಮ ಕೈಯಲ್ಲಿಲ್ಲ. ಪ್ರತಿ ಡೌನ್‌ಲೋಡ್‌ಗೆ ಇಷ್ಟು ಪಾಲು ಎಂದು ಬರುತ್ತದೆ. ಅಡೋಬಿ ಸ್ಟಾಕ್ ಚಿತ್ರಗಳಿಗೂ ವೆಕ್ಟರ್‌ಗಳಿಗೂ (ಎಷ್ಟು ಹಿಗ್ಗಿಸಿದರೂ ಮಸುಕಾಗದ, ಗೆರೆಗಳಿಂದಾದ ಚಿತ್ರಗಳು) 33% ಕೊಡುತ್ತದೆ. ಶಟರ್‌ಸ್ಟಾಕ್ 2020ರ ಜೂನ್‌ನಿಂದ 15%ರಿಂದ 40%ವರೆಗಿನ ಹಂತಗಳನ್ನು ತಂದಿದೆ. ಪ್ರತಿ ಜನವರಿ 1ಕ್ಕೆ ಎಲ್ಲರೂ ಕೆಳಗಿನ ಹಂತದಿಂದ ಶುರು ಮಾಡಬೇಕು, ಹಾಗಾಗಿ ವರ್ಷದ ಆರಂಭದಲ್ಲಿ ಅಲ್ಲಿನ ಆದಾಯ ಇಳಿಯುತ್ತದೆ. ಮಾರುವವರೇ ಅಂಗಡಿ ತೆರೆಯುವ ಎಟ್ಸಿ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಬೆಲೆ ನಮ್ಮದೇ. ಒಂದು ಲಿಸ್ಟಿಂಗ್‌ಗೆ (ಮಾರಾಟಕ್ಕಿಟ್ಟ ಒಂದು ವಸ್ತುವಿನ ಪುಟಕ್ಕೆ) 20 ಸೆಂಟ್, ಅದು 4 ತಿಂಗಳು ಇರುತ್ತದೆ, ಮಾರಾಟವಾದಾಗ 6.5% ವಹಿವಾಟು ಶುಲ್ಕ, ಅದರ ಮೇಲೆ ಹಣ ಪಾವತಿಯ ಶುಲ್ಕ ಬೇರೆ. ರೆಡ್‌ಬಬಲ್‌ನಂಥ ಕಡೆ ನಮ್ಮ ಚಿತ್ರವನ್ನು ಟೀ ಶರ್ಟ್, ಸ್ಟಿಕರ್ ಮೇಲೆ ಅವರೇ ಮುದ್ರಿಸಿ ಕಳಿಸುತ್ತಾರೆ.

ನಾನು ಸ್ಟಾಕ್ ತಾಣಗಳಿಗೆ ಬಿಡಿ ವೆಕ್ಟರ್‌ಗಳನ್ನೂ ಎಟ್ಸಿಗೆ ಸೆಟ್‌ಗಳನ್ನೂ ಹಾಕುತ್ತೇನೆ. ಒಂದೇ ಬಳ್ಳಿಯ ಚಿತ್ರ ಬಿಡಿಯಾಗಿ ಸಿಗುವ ಕಡೆ ಬೇರೆ, ಹನ್ನೆರಡು ಬಳ್ಳಿಗಳ ಕಟ್ಟಾಗಿ ಸಿಗುವ ಕಡೆ ಬೇರೆ. ಗ್ರಾಹಕರೂ ಬೇರೆಯೇ. ಎಲ್ಲ ಕಡೆ ಎಲ್ಲವನ್ನೂ ಸುರಿಯುವುದಕ್ಕಿಂತ ಇದು ಚೆನ್ನಾಗಿ ನಡೆದಿದೆ.

ನನಗೆ ತುಂಬಾ ಇಷ್ಟವಾದ ಕೆಲಸ, ಮತ್ತು ಹೆಚ್ಚು ಮಾರಾಟವಾಗುವ ಕೆಲಸ, ಕಟಿಂಗ್ ಮಷೀನ್‌ಗಾಗಿ ಮಾಡುವ ಎಸ್‌ವಿಜಿ ಎಂಬ ವೆಕ್ಟರ್ ಫೈಲ್. ಕ್ರಿಕಟ್‌ನಂಥ ಪುಟ್ಟ ಯಂತ್ರ ಇಟ್ಟುಕೊಂಡು ಕಾಗದ, ವಿನೈಲ್ ಕತ್ತರಿಸಿ ಕಾರ್ಡ್, ಸ್ಟಿಕರ್ ಮಾಡುವವರು ಇದನ್ನು ಕೊಳ್ಳುತ್ತಾರೆ. ಯಂತ್ರಕ್ಕೆ ಚಿತ್ರ ಕಾಣುವುದಿಲ್ಲ, ಬ್ಲೇಡ್ ಸಾಗಬೇಕಾದ ದಾರಿ ಮಾತ್ರ ಕಾಣುತ್ತದೆ. ಪರದೆಯ ಮೇಲೆ ದಪ್ಪಗೆ ಕಾಣುವ ಗೆರೆ ಬರೀ ಸ್ಟ್ರೋಕ್ (ದಾರಿಯೊಂದಕ್ಕೆ ಕೊಟ್ಟ ದಪ್ಪ) ಆಗಿದ್ದರೆ, ಬ್ಲೇಡ್ ಅದರ ನಡುಮಧ್ಯೆ ಒಂದೇ ಒಂದು ಸೀಳು ಹಾಕಿ ಮುಂದೆ ಹೋಗುತ್ತದೆ. ಹಾಗಾಗಿ ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಚಿತ್ರ ಮುಗಿದ ಮೇಲೆ ಪ್ರತಿ ಸ್ಟ್ರೋಕನ್ನೂ ಪಾತ್ ಮಾಡುತ್ತೇನೆ, ಅಂದರೆ ಗೆರೆಯ ಸುತ್ತಲಿನ ಅಂಚನ್ನೇ ಬ್ಲೇಡಿನ ದಾರಿಯಾಗಿಸುತ್ತೇನೆ. ಅಕ್ಷರಗಳಿದ್ದರೆ ಅವನ್ನೂ ಪಾತ್ ಮಾಡಬೇಕು, ಇಲ್ಲವಾದರೆ ಕೊಂಡವರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದೆ ಬೇರೆಯದೇ ಅಕ್ಷರ ಬಂದು ಕೂರುತ್ತದೆ. ಎಲೆಯೂ ದಂಟೂ ಒಂದರ ಮೇಲೊಂದು ಬಂದ ಕಡೆ ಯೂನಿಯನ್ ಕೊಟ್ಟು ಒಂದೇ ಆಕಾರ ಮಾಡುತ್ತೇನೆ. ಬಿಟ್ಟರೆ ಆ ಜಾಗದಲ್ಲಿ ಬ್ಲೇಡ್ ಎರಡೂ ಆಕಾರಗಳ ಅಂಚನ್ನು ಕತ್ತರಿಸಿ ಚಿತ್ರ ತುಂಡಾಗುತ್ತದೆ.

ಕೊನೆಗೆ ನೋಡ್‌ಗಳು, ಅಂದರೆ ಗೆರೆಯ ಆಕಾರವನ್ನು ಹಿಡಿದಿಡುವ ಚುಕ್ಕಿಗಳು. ಕೈಯಲ್ಲಿ ಎಳೆದ ಒಂದು ಎಲೆಯ ಅಂಚಿನಲ್ಲಿ ಬೇಡದ ನೋಡ್‌ಗಳು ಇರುವೆ ಸಾಲಿನಂತೆ ಕೂತಿರುತ್ತವೆ. ಸಿಂಪ್ಲಿಫೈ ಆಜ್ಞೆ ಒಂದಿಷ್ಟು ತೆಗೆಯುತ್ತದೆ, ಆದರೆ ಜೋರಾಗಿ ಕೊಟ್ಟರೆ ಎಲೆಯ ತುದಿಯ ಚೂಪು ಮಾಯವಾಗುತ್ತದೆ. ಅದಕ್ಕೇ ತುದಿಯ ನೋಡನ್ನು ಉಳಿಸಿಕೊಂಡು ಉಳಿದವನ್ನು ಕೈಯಾರೆ ಅಳಿಸುತ್ತೇನೆ. ಬೇಸರ ತರಿಸುವ ಕೆಲಸ ಅಂತ ಕೆಲವರು ಹೇಳುವುದುಂಟು, ನನಗೆ ಹಾಗನ್ನಿಸಿಲ್ಲ. ನೋಡ್ ಕಡಿಮೆಯಾದಷ್ಟೂ ವಕ್ರರೇಖೆ ನುಣುಪಾಗಿ, ಚಿತ್ರ ಚೆಂದವಾಗುತ್ತಾ ಹೋಗುವುದು ಕಣ್ಣೆದುರೇ ಕಾಣುತ್ತದೆ.

ಪ್ಯಾಟರ್ನ್‌ಗಳನ್ನು ಕ್ರಿಟಾದಲ್ಲಿ ಬರೆಯುತ್ತೇನೆ. ಇಂಕ್‌ಸ್ಕೇಪ್‌ನಂತೆ ಇದೂ ಉಚಿತ ತಂತ್ರಾಂಶ. ಅದರಲ್ಲಿ ಡಬ್ಲ್ಯೂ ಕೀ ಒತ್ತಿದರೆ ಕ್ಯಾನ್ವಾಸ್ ನಾಲ್ಕೂ ದಿಕ್ಕಿಗೆ ಪುನರಾವರ್ತನೆಯಾಗಿ ಹರಡುತ್ತದೆ. ಬಲಗಡೆ ಅಂಚಿನಿಂದ ಆಚೆ ಹೋದ ಗೆರೆ ಎಡಗಡೆಯಿಂದ ಒಳಗೆ ಬರುತ್ತದೆ. ಜೋಡಣೆಯ ಗುರುತು ಉಳಿಯದಂತೆ ಬರೆಯಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ. ಬರೆದಾದ ಮೇಲೆ ದೂರದಿಂದ, ಅಂದರೆ ಚಿಕ್ಕದಾಗಿ ಮಾಡಿ ನೋಡುತ್ತೇನೆ. ಒಂದು ಗಾಢ ಬಣ್ಣದ ಹೂವು ಎದ್ದು ಕಂಡರೆ, ಬಟ್ಟೆಯ ಮೇಲೆ ಅದು ಸಾಲು ಸಾಲಾಗಿ ಪಟ್ಟೆಯಂತೆ ಕಾಣುವುದು ಖಚಿತ.

ಗೋಡೆಗೆ ತೂಗುಹಾಕುವ ಚಿತ್ರಗಳಲ್ಲಿ ಅಳತೆಯೇ ಮುಖ್ಯ. 24 × 36 ಇಂಚಿನ ಮುದ್ರಣಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 7200 × 10800 ಪಿಕ್ಸೆಲ್ ಬೇಕು. ಎಲ್ಲರ ಫ್ರೇಮ್ ಒಂದೇ ಅಳತೆಯದಲ್ಲ, ಆದ್ದರಿಂದ 2:3, 3:4, 4:5 ಅನುಪಾತಗಳಲ್ಲೂ ಎ4, ಎ3 ಬರುವ ಅನುಪಾತದಲ್ಲೂ ಒಂದೊಂದು ಫೈಲ್ ಕೊಡುತ್ತೇನೆ. ಎಟ್ಸಿಯಲ್ಲಿ ಒಂದು ಲಿಸ್ಟಿಂಗ್‌ಗೆ ಐದೇ ಫೈಲ್, ತಲಾ 20 ಎಂಬಿ ಮಿತಿ. ಒಂದೇ ಚಿತ್ರವನ್ನು ಇಷ್ಟು ಅನುಪಾತಗಳಿಗೆ ಹೊಂದಿಸಬೇಕಾದ್ದರಿಂದ ಅದರ ಅಂಚುಗಳಲ್ಲಿ ಕತ್ತರಿಸಿದರೂ ನಷ್ಟವಾಗದಷ್ಟು ಜಾಗ ಬಿಟ್ಟು ಬರೆಯುತ್ತೇನೆ.

ಹೆಸರು ಮತ್ತು ಕೀವರ್ಡ್‌ಗೆ ಚಿತ್ರಕ್ಕೆ ಕೊಟ್ಟಷ್ಟೇ ಗಮನ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಯಾರಿಗೂ ಸಿಗದ ಚಿತ್ರವನ್ನು ಯಾರೂ ಕೊಳ್ಳಲಾರರು. ಅಡೋಬಿ ಸ್ಟಾಕ್‌ನಲ್ಲಿ ಮೊದಲ 10 ಕೀವರ್ಡ್‌ಗಳಿಗೆ ತೂಕ ಹೆಚ್ಚು. ಎಟ್ಸಿಯಲ್ಲಿ 13 ಟ್ಯಾಗ್, ಒಂದೊಂದಕ್ಕೆ 20 ಅಕ್ಷರ. ‘ಹೂವು’, ‘ಸುಂದರ’ ಎಂದರೆ ಆ ಪದಕ್ಕೆ ಸಿಗುವ ಲಕ್ಷಾಂತರ ಚಿತ್ರಗಳ ನಡುವೆ ನಮ್ಮದು ಮುಳುಗುತ್ತದೆ. ‘ಜಲವರ್ಣದ ಎಲೆ ಅಂಚು’, ‘ಮದುವೆ ಆಮಂತ್ರಣಕ್ಕೆ ಚೌಕಟ್ಟು’ ಎಂದು ಬಳಕೆಯನ್ನೇ ಹೆಸರಿಸಿದರೆ ಬೇಕಾದವರು ನೇರ ಬಂದು ತಲುಪುತ್ತಾರೆ. ಹುಡುಕಾಟ ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅಲ್ಲಿಯೂ ಇದೇ ನಿಯಮ. ಹಬ್ಬ, ಋತುಗಳ ಚಿತ್ರಗಳನ್ನು ಎರಡು ಮೂರು ತಿಂಗಳು ಮೊದಲೇ ಹಾಕುತ್ತೇನೆ. ವಿನ್ಯಾಸಕಾರರು ತಮ್ಮ ಗ್ರಾಹಕರಿಗಾಗಿ ಅಷ್ಟು ಮುಂಚೆಯೇ ಕೆಲಸ ಶುರು ಮಾಡಿರುತ್ತಾರೆ.

ಹಕ್ಕುಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕಾರ್ಟೂನ್ ಪಾತ್ರ, ಕಂಪನಿಯ ಲೋಗೋ, ಸಿನಿಮಾ ನಟರ ಮುಖ, ಯಾವುದನ್ನೂ ಮುಟ್ಟುವುದಿಲ್ಲ. ವಾಣಿಜ್ಯ ಬಳಕೆಗೆ ಅನುಮತಿ ಇರುವ ಫಾಂಟ್ ಮಾತ್ರ ಬಳಸುತ್ತೇನೆ, ಅದರ ಲೈಸೆನ್ಸ್ ಫೈಲನ್ನು ಅದೇ ಫೋಲ್ಡರ್‌ನಲ್ಲಿ ಇಡುತ್ತೇನೆ. ಎಐ ಬಗ್ಗೆ ಒಂದೊಂದು ತಾಣದ್ದು ಒಂದೊಂದು ನಿಯಮ: ಅಡೋಬಿ ಸ್ಟಾಕ್ ಎಐ ಚಿತ್ರವೆಂದು ಗುರುತು ಹಾಕಿದರೆ ತೆಗೆದುಕೊಳ್ಳುತ್ತದೆ, ಶಟರ್‌ಸ್ಟಾಕ್ ಚಿತ್ರಕಾರರಿಂದ ಅಂಥವನ್ನು ಸ್ವೀಕರಿಸುವುದಿಲ್ಲ, ಎಟ್ಸಿಯಲ್ಲಿ ಬಳಸಿದ್ದರೆ ತಿಳಿಸಬೇಕು. ನಾನು ಕೈಯಲ್ಲೇ ಬರೆಯುತ್ತೇನೆ. ಲೇಯರ್‌ಗಳಿರುವ (ಚಿತ್ರದ ಪದರಗಳು ಬೇರೆ ಬೇರೆಯಾಗಿರುವ) ಮೂಲ ಫೈಲ್ ನನ್ನ ಬಳಿ ಇರುವುದರಿಂದ, ನನ್ನ ಚಿತ್ರವನ್ನು ಬೇರೆಯವರು ಕದ್ದು ಹಾಕಿದಾಗ ಅದು ನನ್ನದೆಂದು ತೋರಿಸಲು ಒಳ್ಳೆಯ ಆಧಾರ ಸಿಕ್ಕಿದೆ.

ಹಣದ ಬಗ್ಗೆ ಒಂದು ಮಾತು. ಅಮೆರಿಕದ ಸ್ಟಾಕ್ ತಾಣಗಳು ಹೊರದೇಶದವರಿಂದ ಡಬ್ಲ್ಯೂ-8ಬೆನ್ ಎಂಬ ತೆರಿಗೆ ಫಾರ್ಮ್ ಕೇಳುತ್ತವೆ. ಅದನ್ನು ತುಂಬದಿದ್ದರೆ ಅಲ್ಲಿನ ಮಾರಾಟದ ಪಾಲಿನಲ್ಲಿ 30%ವರೆಗೆ ಕಡಿತವಾಗಬಹುದು. ತೆರಿಗೆ ಒಪ್ಪಂದ ಇರುವ ದೇಶದವರು ಇದನ್ನು ತುಂಬಿದರೆ ದರ ಕಡಿಮೆಯಾಗಬಹುದು. ಖಾತೆ ತೆರೆದ ದಿನವೇ ತುಂಬಿಬಿಡುವುದು ಒಳ್ಳೆಯದು.

ಹೊಸ ಚಿತ್ರಕ್ಕೆ ವಿಷಯ ಎಲ್ಲಿಂದ ಸಿಗುತ್ತದೆ? ನನಗೆ ಹೆಚ್ಚಾಗಿ ಕೊಂಡವರ ಸಂದೇಶಗಳಿಂದ. ಅಂಚಿನ ಬಳ್ಳಿ ಕೊಂಡ ಒಬ್ಬರು, ಇದೇ ಬಳ್ಳಿ ಮೂಲೆಗೆ ಹೊಂದುವಂತೆ ಬಾಗಿ ಸಿಗುತ್ತದೆಯೇ ಎಂದು ಕೇಳಿದ್ದರು. ಬರೆದು ಕಳಿಸಿದೆ, ಜೊತೆಗೆ ಸೆಟ್‌ಗೂ ಸೇರಿಸಿದೆ. ಆಮೇಲೆ ಆ ಸೆಟ್ ಕೊಳ್ಳುವವರು ಹೆಚ್ಚಾದರು. ಈಗ ಹಳೆಯ ಸೆಟ್‌ಗಳನ್ನೆಲ್ಲ ಒಂದೊಂದಾಗಿ ತೆರೆದು, ಯಾವುದಕ್ಕೆ ಮೂಲೆ ತುಂಡಿಲ್ಲ, ಯಾವುದಕ್ಕೆ ಒಂಟಿ ಹೂವಿಲ್ಲ ಎಂದು ನೋಡಿ ಬರೆದು ಸೇರಿಸುತ್ತಿದ್ದೇನೆ.