ಎರಡು ವಾರ ಬಿಟ್ಟು ಬಂದರೂ ಕೈ ಹಿಡಿಯುವ ಆಟವೇ ಮೊದಲು

ಹಳೆಯ ಕನ್ಸೋಲ್ ಆರ್‌ಪಿಜಿಗಳನ್ನು (ಪಾತ್ರಗಳನ್ನು ಬೆಳೆಸುತ್ತಾ ಕಥೆಯೊಳಗೆ ಸಾಗುವ ವಿಡಿಯೋ ಗೇಮ್‌ಗಳನ್ನು) ಯಾವುದರಿಂದ ಶುರು ಮಾಡಬೇಕು ಎಂಬ ವಾದ ನಮ್ಮ ಗುಂಪಿನಲ್ಲಿ ವರ್ಷಗಟ್ಟಲೆ ನಡೆದಿದೆ. ಮುಂಬೈನ ಮಾಟುಂಗಾದಲ್ಲಿ ಕಾರ್ಯಕ್ರಮ ಮುಗಿಸಿ ಕಾಫಿಗೆ ಕೂತರೆ ಅದೇ ಮಾತು. ನನ್ನ ಕ್ರಮ ಹೇಳಿದಾಗ ಮಂಗಳೂರು ಕಡೆಯ ಗೆಳೆಯರೊಬ್ಬರು, "ಎಂತದು ಮಾರಾಯ, ಫೈನಲ್ ಫ್ಯಾಂಟಸಿ ಸೆವೆನ್ ಮುಟ್ಟದೆ ಆರ್‌ಪಿಜಿ ಆಡಿದ್ದೇನೆ ಅಂತ ಹೇಳಲಿಕ್ಕುಂಟಾ?" ಅಂದಿದ್ದರು. ಈಗ ಅವರೇ ತಮ್ಮ ತಂಗಿಗೆ ಕೊಡಲು ನನ್ನ ಪಟ್ಟಿ ಕೇಳಿ ಪಡೆದಿದ್ದಾರೆ. ನನ್ನ ಮಾತು ಕೇಳಿ ಆಡಿದವರು ಐದಾರು ಜನ. ಎಲ್ಲರೂ ಕಡಿಮೆಯೆಂದರೂ ಎರಡು ಆಟದ ಕೊನೆ ಕಂಡಿದ್ದಾರೆ. ಅರ್ಧಕ್ಕೆ ಬಿಟ್ಟ ಆಟಗಳ ರಾಶಿಯೇ ಇರುವ ಈ ಹವ್ಯಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ಮೊದಲು ಸೋತ ದಾರಿಗಳನ್ನು ಹೇಳುತ್ತೇನೆ, ಏಕೆಂದರೆ ಹಣ ಹೋದದ್ದು ಅಲ್ಲಿಯೇ.

ಸರಣಿಯ ನಂಬರ್ ಪ್ರಕಾರ ಆಡುವ ದಾರಿ ಕೇಳಲು ಬಹಳ ಶಿಸ್ತಿನದು. 1986ರ ಡ್ರ್ಯಾಗನ್ ಕ್ವೆಸ್ಟ್, 1987ರ ಫೈನಲ್ ಫ್ಯಾಂಟಸಿ, ಅಲ್ಲಿಂದ ಮೇಲಕ್ಕೆ. ಆದರೆ ಮೊದಲ ಡ್ರ್ಯಾಗನ್ ಕ್ವೆಸ್ಟ್‌ನ ಹಳೆಯ ರೂಪದಲ್ಲಿ ಮೆಟ್ಟಿಲು ಇಳಿಯುವುದಕ್ಕೂ ಮೆನು ತೆರೆದು ಆಜ್ಞೆ ಕೊಡಬೇಕು. ಕಾಳಗವೆಲ್ಲ ಒಬ್ಬನಿಗೆ ಒಬ್ಬ, ಲೆವೆಲ್ (ಪಾತ್ರದ ಶಕ್ತಿಯ ಮಟ್ಟ) ಏರಿಸಲು ಅದದೇ ಬಯಲಿನಲ್ಲಿ ಗಂಟೆಗಟ್ಟಲೆ ಸುತ್ತಬೇಕು. ಫೈನಲ್ ಫ್ಯಾಂಟಸಿಯ ಫ್ಯಾಮಿಕಾಮ್ (ನಿಂಟೆಂಡೊದ ಹಳೆಯ ಕನ್ಸೋಲ್) ಆವೃತ್ತಿಯಲ್ಲಿ ಇಬ್ಬರು ಒಂದೇ ಶತ್ರುವಿಗೆ ಗುರಿಯಿಟ್ಟು ಮೊದಲನೆಯವನೇ ಕೊಂದುಬಿಟ್ಟರೆ ಎರಡನೆಯವನ ಏಟು ಗಾಳಿಗೆ ಹೋಗುತ್ತದೆ. ಇತಿಹಾಸ ಬಲ್ಲವರಿಗೆ ಇದೆಲ್ಲ ಸೊಗಸು. ಹೊಸಬರು ಮೂರನೆಯ ಸಂಜೆಗೆ ಮಾಯ. ಅಕ್ಕನ ಮಗ ಹೀಗೇ ಎರಡು ಸಲ ಮಾಯವಾದ.

ಅಷ್ಟಕ್ಕೂ ಆ ಕಾಲದವರು ಯಾರೂ ನಂಬರ್ ಪ್ರಕಾರ ಆಡಿದವರಲ್ಲ, ಜಪಾನಿನವರನ್ನು ಬಿಟ್ಟರೆ. ಅಮೆರಿಕಕ್ಕೆ ಒಂದನೆಯ ಫೈನಲ್ ಫ್ಯಾಂಟಸಿ ಬಂತು, ಆಮೇಲೆ ನಾಲ್ಕನೆಯದು "ಎರಡು" ಎಂಬ ಹೆಸರಿನಲ್ಲಿ, ಆರನೆಯದು "ಮೂರು" ಎಂಬ ಹೆಸರಿನಲ್ಲಿ ಬಂತು. ಯುರೋಪಿನವರ ಕೈಗೆ ಮುಖ್ಯ ಸರಣಿಯಲ್ಲಿ ಮೊದಲು ಸಿಕ್ಕಿದ್ದೇ ಏಳನೆಯದು, 1997ರಲ್ಲಿ. ಜಪಾನಿನಲ್ಲಿ 1992ರಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಫೈವ್ ಅಧಿಕೃತವಾಗಿ ಇಂಗ್ಲಿಷ್ ಆದದ್ದು 2009ರಲ್ಲಿ, ನಿಂಟೆಂಡೊದ ಕೈಕನ್ಸೋಲ್ ಡಿಎಸ್‌ಗೆ. ಕಥೆಗಳೂ ಬಹುಪಾಲು ಒಂದಕ್ಕೊಂದು ಅಂಟಿದವಲ್ಲ. ನಂಬರಿಗೆ ನಾವೇಕೆ ಗಂಟುಬೀಳಬೇಕು?

ಎರಡನೆಯ ದಾರಿ "ಸರ್ವಶ್ರೇಷ್ಠ" ಪಟ್ಟಿಗಳದ್ದು. ಪಟ್ಟಿಯ ತಲೆಯಲ್ಲಿರುವುದನ್ನೇ ಎತ್ತಿಕೊಳ್ಳುವುದು. ಹಾಗೆ ಎತ್ತಿಕೊಂಡದ್ದು 1998ರ ಝೀನೋಗಿಯರ್ಸ್. ಅದರ ಮೇಲೆ ನನಗೆ ಅಪಾರ ಗೌರವ, ಸಂಗೀತ ಇವತ್ತಿಗೂ ಕೇಳುತ್ತೇನೆ. ಆದರೆ ಅರವತ್ತು ಗಂಟೆಯ ಆಸುಪಾಸಿನ ಆಟ, ಎರಡನೆಯ ಡಿಸ್ಕಿನಲ್ಲಿ ಬಹುಪಾಲು ಕಥೆಯನ್ನು ಕುರ್ಚಿಯಲ್ಲಿ ಕೂತ ಪಾತ್ರಗಳ ಬಾಯಿಂದಲೇ ಹೇಳಿಸಿ ಮುಂದೆ ಸಾಗುತ್ತದೆ. ಮೊದಲ ಆಟವಾಗಿ ಅದನ್ನು ಹೊತ್ತವರು ನನಗೆ ಗೊತ್ತಿದ್ದಂತೆ ದಡ ಸೇರಲಿಲ್ಲ. ಡ್ರ್ಯಾಗನ್ ಕ್ವೆಸ್ಟ್ ಸೆವೆನ್‌ನ ಪ್ಲೇಸ್ಟೇಷನ್ ಆವೃತ್ತಿಯಲ್ಲಂತೂ ಮೊದಲ ಕಾಳಗ ಬರುವುದಕ್ಕೇ ಎರಡು ಮೂರು ಗಂಟೆ ಬೇಕು. ಮುಗಿಸಲು ನೂರು ಗಂಟೆ ದಾಟುತ್ತದೆ.

ಹಣದ ಮಾತು. "ಅಸಲಿ ಡಿಸ್ಕಿನಲ್ಲೇ ಆಡಬೇಕು" ಎಂಬ ಹಟದ ಕಾಲದಲ್ಲಿ ಗ್ರಾಂಟ್ ರೋಡ್ ಕಡೆ ಸೆಕೆಂಡ್‌ಹ್ಯಾಂಡ್ ಡಿಸ್ಕುಗಳ ಒಂದು ಕಟ್ಟು ಕೊಂಡೆ, ಮೂರು ಸಾವಿರ ಚಿಲ್ಲರೆ. ಡಬ್ಬಿ ಅಸಲಿ, ಒಳಗಿನ ಡಿಸ್ಕುಗಳಲ್ಲಿ ಅರ್ಧಕ್ಕರ್ಧ ಕಾಪಿ. ಜೊತೆಗೆ ಕೊಟ್ಟ ಹೆಸರಿಲ್ಲದ ಮೆಮೊರಿ ಕಾರ್ಡು ಸೇವ್ ಇಡಲು ಹದಿನೈದು ಬ್ಲಾಕ್ (ಖಾನೆ) ತೋರಿಸುತ್ತಿತ್ತು, ಒಂದು ದಿನ ಇದ್ದಕ್ಕಿದ್ದಂತೆ ಹದಿನೈದೂ ಖಾಲಿ. ಇಪ್ಪತ್ತು ಗಂಟೆಯ ಆಟ ಅದರೊಳಗಿತ್ತು. ಸುಯಿಕೋಡೆನ್ ಟೂ ಎಂಬ ಆಟದ ಮೂಲ ಡಿಸ್ಕನ್ನು ಸಂಗ್ರಾಹಕರು ಎಷ್ಟಕ್ಕೆ ಮಾರುತ್ತಾರೆಂದು ಬಲ್ಲವರಿಗೆ ಗೊತ್ತು, ಆ ಬೆಲೆಗೆ ಒಳ್ಳೆಯ ಫೋನ್ ಬರುತ್ತದೆ. ಅಲ್ಲಿಗೆ ಡಿಸ್ಕಿನ ಲೆಕ್ಕ ಮುಚ್ಚಿದೆ. ಎರಡು ಮೂರು ವರ್ಷದಲ್ಲಿ ಸುಮಾರು ಹನ್ನೆರಡು ಸಾವಿರ ಹೋಗಿತ್ತು, ಕೊನೆ ಮುಟ್ಟಿದ ಆಟ ಒಂದೇ.

ಆ ಒಂದು ಆಟ ಯಾಕೆ ಮುಗಿಯಿತು ಎಂದು ಯೋಚಿಸಿದಾಗ ದಾರಿ ಸಿಕ್ಕಿತು. ಅದು 1993ರ ಫ್ಯಾಂಟಸಿ ಸ್ಟಾರ್ ಫೋರ್, ಸೆಗಾ ಕಂಪನಿಯ ಮೆಗಾ ಡ್ರೈವ್ ಕನ್ಸೋಲ್‌ನದ್ದು. ಮಧ್ಯದಲ್ಲಿ ಗಣಪತಿ ಹಬ್ಬ ಬಂತು, ಆಮೇಲೆ ಊರಿಗೆ ಹೋದೆವು, ತಿಂಗಳ ಹತ್ತಿರ ಮುಟ್ಟಲಿಲ್ಲ. ಮರಳಿ ತೆರೆದಾಗ ಎಲ್ಲಿಗೆ ಹೋಗಬೇಕೆಂದು ನೆನಪಿಲ್ಲ. ಆದರೆ ಆ ಆಟದ ಮೆನುವಿನಲ್ಲಿ ಸಂಗಡಿಗರು ತಮ್ಮೊಳಗೆ ಮಾತಾಡಿಕೊಳ್ಳುವಂತೆ ಮಾಡುವ ಆಜ್ಞೆಯೊಂದಿದೆ. ಒತ್ತಿದರೆ ಮುಂದೇನು ಮಾಡಬೇಕೆಂಬುದು ಅವರ ಬಾಯಿಂದಲೇ ಬರುತ್ತದೆ. ಹತ್ತು ನಿಮಿಷದಲ್ಲಿ ನಾನು ಮತ್ತೆ ಹಾದಿಯಲ್ಲಿದ್ದೆ.

ನಾವು ಮುಂಬೈ ಹೊರವಲಯದ ಡೊಂಬಿವಲಿಯಲ್ಲಿ ಇರುವವರು. ಬೆಳಿಗ್ಗೆ ಲೋಕಲ್ ರೈಲು, ರಾತ್ರಿ ಲೋಕಲ್, ನಡುವೆ ಆಫೀಸು. ಮಾರ್ಚ್ ಬಂದರೆ ಲೆಕ್ಕ ಮುಗಿಸುವ ಗಡಿಬಿಡಿ, ಮೇನಲ್ಲಿ ಊರು, ಮಳೆಗಾಲದಲ್ಲಿ ಹಳಿ ಮುಳುಗಿದರೆ ಮನೆ ಸೇರಿದ್ದೇ ಪುಣ್ಯ. ನಮ್ಮ ಆಟ ತುಂಡಾಗಿಯೇ ತೀರುತ್ತದೆ. ಆದ್ದರಿಂದ ಹೊಸಬರಿಗೆ ಆಟ ಆರಿಸುವಾಗ ನಾನು ಕೇಳುವ ಮುಖ್ಯ ಪ್ರಶ್ನೆ ಒಂದೇ: ಎರಡು ವಾರ ಬಿಟ್ಟು ಬಂದವನಿಗೆ ಈ ಆಟ ದಾರಿ ತೋರಿಸುತ್ತದೆಯೇ? ಕಥೆ, ಚಿತ್ರ, ಸಂಗೀತ, ಕೀರ್ತಿ ಎಲ್ಲ ಅದರ ನಂತರ. ಜೊತೆಗೆ ಎರಡು ಸಣ್ಣ ಷರತ್ತು. ಮೊದಲ ಗಂಟೆಯಲ್ಲಿ ಏನಾದರೂ ನಡೆಯಬೇಕು. ಮೊದಲೆರಡು ಆಟ ಇಪ್ಪತ್ತೈದು ಗಂಟೆಯೊಳಗೆ ಮುಗಿಯುವಂತಿರಬೇಕು.

ಈ ಜರಡಿ ಹಿಡಿದರೆ ಮೊದಲ ಸ್ಥಾನ 1995ರ ಕ್ರೋನೋ ಟ್ರಿಗರ್‌ಗೆ. ಫೈನಲ್ ಫ್ಯಾಂಟಸಿ ಹುಟ್ಟುಹಾಕಿದ ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಹುಟ್ಟುಹಾಕಿದ ಹೋರಿಯಿ, ಚಿತ್ರಕ್ಕೆ ಕಲಾವಿದ ತೊರಿಯಾಮಾ ಒಟ್ಟು ಸೇರಿದ್ದು ಎಲ್ಲರಿಗೂ ಗೊತ್ತಿರುವ ಮಾತು, ನಾನು ಅದಕ್ಕಾಗಿ ಆರಿಸಲಿಲ್ಲ. ಶತ್ರುಗಳು ಕಣ್ಣಿಗೆ ಕಾಣುತ್ತಾರೆ, ನಿಂತಲ್ಲೇ ಕಾಳಗ, ಪರದೆ ಬದಲಾಗುವುದಿಲ್ಲ. ಆರಂಭದ ಜಾತ್ರೆಯಲ್ಲಿ ನೀವು ಯಾರದ್ದೋ ಬುತ್ತಿ ತಿಂದಿರಿ, ಕಳೆದುಹೋದ ಬೆಕ್ಕನ್ನು ಹುಡುಗಿಗೆ ಮುಟ್ಟಿಸಿದಿರಿ ಅನ್ನಿ. ಸ್ವಲ್ಪ ಹೊತ್ತಿನ ಮೇಲೆ ನ್ಯಾಯಾಲಯದಲ್ಲಿ ಅದೆಲ್ಲ ಸಾಕ್ಷ್ಯವಾಗಿ ಎದುರು ಬರುತ್ತದೆ. ಆ ಜಾಗ ತಲುಪಿದ ಹೊಸಬರು ಆಟ ಬಿಟ್ಟದ್ದನ್ನು ನಾನು ನೋಡಿಲ್ಲ. ಮುಂದೆ ಕಾಲದ ಕೊನೆಯಲ್ಲಿ ದೀಪಕಂಬದ ಕೆಳಗೆ ನಿಲ್ಲುವ ಮುದುಕ ಇದ್ದಾನಲ್ಲ, ದಾರಿ ತಪ್ಪಿದವರಿಗೆ ಅವನೇ ಗತಿ. ಹೋಗಿ ಮಾತಾಡಿಸಿದರೆ ಮುಂದಿನ ಸುಳಿವು ಕೊಡುತ್ತಾನೆ. ಫೋನ್ ಆವೃತ್ತಿಯಲ್ಲಿ ತಾನಾಗಿ ಸೇವ್ ಆಗುವ ಸೌಲಭ್ಯವೂ ಇದೆ. ಥಾಣೆ ರೈಲು ನಿಲ್ದಾಣದಲ್ಲಿ ಜನ ನುಗ್ಗಿ ಫೋನ್ ಜೇಬಿಗೆ ಹಾಕಬೇಕಾಗಿ ಬಂದರೂ ಚಿಂತೆಯಿಲ್ಲ. ಸೇಲ್‌ನಲ್ಲಿ ನಾನೂರು ಐನೂರಕ್ಕೆ ಸಿಕ್ಕಿದ ನೆನಪು.

ಎರಡನೆಯದು ಫ್ಯಾಂಟಸಿ ಸ್ಟಾರ್ ಫೋರ್ ಅಥವಾ ಮೊದಲ ಸುಯಿಕೋಡೆನ್, ಆಡುವವರ ಸ್ವಭಾವ ನೋಡಿ. ವೇಗ ಬೇಕೆನ್ನುವವರಿಗೆ ಫ್ಯಾಂಟಸಿ ಸ್ಟಾರ್. ಕಾಳಗದ ಆಜ್ಞೆಗಳನ್ನು ಮ್ಯಾಕ್ರೋ ಆಗಿ ಕಟ್ಟಿಟ್ಟುಕೊಂಡರೆ ಒಂದೇ ಒತ್ತಿಗೆ ಇಡೀ ಸುತ್ತು ನಡೆದುಹೋಗುತ್ತದೆ. ಕಥೆ ಚಿತ್ರಪಟಗಳಲ್ಲಿ, ಕಾಮಿಕ್ಸ್ ಪುಟ ತಿರುವಿದ ಹಾಗೆ ಬರುತ್ತದೆ. ಜನ ಸೇರಿಸುವ ಖುಷಿ ಬೇಕೆನ್ನುವವರಿಗೆ ಸುಯಿಕೋಡೆನ್. ನೂರಾ ಎಂಟು ಮಂದಿ, ತುಂಬುತ್ತಾ ಬೆಳೆಯುವ ಕೋಟೆ, ಕಾಳಗಕ್ಕೆ ಒಮ್ಮೆಗೆ ಆರು ಜನ. ಅದರ ದೊಡ್ಡ ಗುಣ ಯಾರೂ ಹೇಳುವುದಿಲ್ಲ: ಹಿಂದುಳಿದ ಪಾತ್ರವನ್ನು ಮುಂದಿನ ಪ್ರದೇಶಕ್ಕೆ ಕರೆದೊಯ್ದರೆ ಎರಡು ಮೂರು ಕಾಳಗದಲ್ಲೇ ಲೆವೆಲ್ ದಬದಬನೆ ಏರಿ ಉಳಿದವರ ಸಮಕ್ಕೆ ಬರುತ್ತದೆ. ಸುಮ್ಮನೆ ಸುತ್ತುವ ಶಿಕ್ಷೆಯೇ ಇಲ್ಲ. 2025ರ ಮಾರ್ಚ್‌ನಲ್ಲಿ ಎರಡೂ ಭಾಗ ಸೇರಿಸಿ ಹೊಸ ರೂಪ ಬಂದ ಮೇಲೆ ಡಿಸ್ಕಿನ ಬೇಟೆಯೂ ಬೇಡವಾಯಿತು. ಮೊದಲನೆಯದರ ಸೇವ್ ಉಳಿಸಿಕೊಳ್ಳಿ, ಎರಡನೆಯದರಲ್ಲಿ ಬೇಕಾಗುತ್ತದೆ.

ಮೂರನೆಯದು ಡ್ರ್ಯಾಗನ್ ಕ್ವೆಸ್ಟ್ ಫೈವ್. ಇದನ್ನು ಹೇಳಿದಾಗಲೇ ಗೆಳೆಯರು ಹೆಚ್ಚು ನಕ್ಕಿದ್ದು. ಈಗ ಕೇಳಿ. ನನ್ನ ಭಾವ ಮಾಟುಂಗಾದಲ್ಲಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಅರವತ್ತರ ಹತ್ತಿರದ ವಯಸ್ಸು. ಮಧ್ಯಾಹ್ನದ ಊಟದ ಗಿರಾಕಿ ಹೋಗಿ ಸಂಜೆಯ ತಿಂಡಿ ಶುರುವಾಗುವ ತನಕ ಅವರಿಗೆ ಬಿಡುವು. ಫೋನಿನ ಡ್ರ್ಯಾಗನ್ ಕ್ವೆಸ್ಟ್ ನೆಟ್ಟಗೆ ಹಿಡಿದು ಒಂದೇ ಕೈಯಲ್ಲಿ ಆಡುವಂಥದ್ದು. ಗಿರಾಕಿ ಬಂದರೆ ಇನ್ನೊಂದು ಕೈ ಚಿಲ್ಲರೆಗೆ. (ಲೋಕಲ್‌ನಲ್ಲಿ ಹಿಡಿಕೆಗೆ ಜೋತುಬಿದ್ದವರಿಗೂ ಇದೇ ಲಾಭ, ಅಡ್ಡ ಹಿಡಿಯುವ ಆಟ ಅಲ್ಲಿ ನಡೆಯುವುದೇ ಇಲ್ಲ.) ನಾಯಕ ಅಪ್ಪನ ಬೆರಳು ಹಿಡಿದು ನಡೆಯುವ ಮಗುವಾಗಿ ಶುರುವಾಗಿ, ದೊಡ್ಡವನಾಗಿ, ಮದುವೆಯಾಗಿ, ತಾನೇ ಅಪ್ಪನಾಗುತ್ತಾನೆ. ಯಾರನ್ನು ಮದುವೆಯಾಗಬೇಕೆಂದು ಆರಿಸುವುದು ಆಡುವವರೇ. ಭಾವ ಅಲ್ಲಿ ಮೂರು ದಿನ ನಿಂತು ಅಕ್ಕನನ್ನೂ ಕೇಳಿ ಆರಿಸಿದರು. ಸಂಗಡಿಗರ ಜೊತೆ ಮಾತಾಡುವ ಸೌಲಭ್ಯ ಇದರಲ್ಲೂ ಇದೆ, ಅದೇ ಅವರಿಗೆ ನೆನಪಿನ ಚೀಟಿ. ಮಳೆಗಾಲಕ್ಕೆ ಶುರು ಮಾಡಿದವರು ದೀಪಾವಳಿ ಹೊತ್ತಿಗೆ ಮುಗಿಸಿದರು. ಅಕ್ಕನ ಮಗನಿಗಿಂತ ಮೊದಲೇ.

ಏಳನೆಯದನ್ನು ಬಿಟ್ಟು ಆರನೆಯ ಫೈನಲ್ ಫ್ಯಾಂಟಸಿಯನ್ನು ನಾಲ್ಕಕ್ಕೆ ಇಟ್ಟದ್ದಕ್ಕೂ ಕಾರಣ ಇದೇ ಜರಡಿ. 1994ರ ಆ ಆಟದ ಮೊದಲರ್ಧ ನಿಮ್ಮನ್ನು ಎತ್ತಿಕೊಂಡೇ ಹೋಗುತ್ತದೆ. ಲೋಕ ಒಡೆದ ಮೇಲಿನ ಎರಡನೆಯ ಅರ್ಧದಲ್ಲಿ ಚೆದುರಿದ ಸಂಗಡಿಗರನ್ನು ನೀವೇ ಹುಡುಕಬೇಕು, ಯಾರನ್ನು ಮೊದಲು ಎಂದು ಯಾರೂ ಹೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಸ್ವಾತಂತ್ರ್ಯವನ್ನು ಅಷ್ಟು ಚೆನ್ನಾಗಿ ಕೊಟ್ಟ ಇನ್ನೊಂದು ಆಟ ಆ ಕಾಲದಲ್ಲಿಲ್ಲ. ಆದರೆ ಎರಡು ವಾರ ಬಿಟ್ಟು ಬಂದ ಹೊಸಬ ಅಲ್ಲಿ ಖಂಡಿತ ಕಳೆದುಹೋಗುತ್ತಾನೆ. ಮೂರು ಆಟ ಮುಗಿಸಿದವರು ಕಳೆದುಹೋದರೂ ಹುಡುಕುತ್ತಾರೆ. ಪಿಕ್ಸೆಲ್ ರಿಮಾಸ್ಟರ್ ಎಂಬ ಅದರ ಹೊಸ ರೂಪದ ಕನ್ಸೋಲ್ ಆವೃತ್ತಿಯಲ್ಲಿ ಎದುರಾಗುವ ಕಾಳಗಗಳನ್ನೇ ನಿಲ್ಲಿಸುವ ಸ್ವಿಚ್ ಇದೆ, ದಾರಿ ಹುಡುಕುವಾಗ ಮಾತ್ರ ಬಳಸಿ. ಒಡೆದ ಲೋಕದಲ್ಲಿ ಯಾರನ್ನು ಯಾವ ಕ್ರಮದಲ್ಲಿ ಕರೆತಂದರೆ ಆಟ ಅತಿ ಸೊಗಸಾಗಿ ಬಿಚ್ಚಿಕೊಳ್ಳುತ್ತದೆ ಎಂಬ ಚೀಟಿ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರು ಕೂತು ಕೇಳಿದವರಿಗೆ ಕೊಡುತ್ತೇನೆ.

ನಡುವೆ ಮಾಡಿ ನೋಡಿದ ಬೇರೆ ಪ್ರಯೋಗಗಳೂ ಇವೆ. ಗುಜರಿಯವನ ಹತ್ತಿರ ಹಳೆಯ ಡಬ್ಬಾ ಟಿವಿಯೊಂದನ್ನು ಆರುನೂರಕ್ಕೆ ತಂದೆ. ಟೆಂಪೋ ಮತ್ತು ಮೂರು ಮಹಡಿ ಹೊರುವವರ ಕೂಲಿ ಟಿವಿಗಿಂತ ಹೆಚ್ಚಾಯಿತು. ಆ ಕಾಲದ 16-ಬಿಟ್ ಕನ್ಸೋಲ್ ಆಟಗಳ ಬಣ್ಣ ಅದರ ಮೇಲೆ ಬೇರೆಯೇ, ಚುಕ್ಕಿಗಳು ಒಂದರೊಳಗೊಂದು ಕರಗಿ ಚಿತ್ರ ಮೃದುವಾಗುತ್ತದೆ. ಈಗಲೂ ಇಟ್ಟುಕೊಂಡಿದ್ದೇನೆ. ಆದರೆ ಅದರಿಂದ ಆಟ ಮುಗಿಸುವವರ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಹೆಚ್ಚಿಸಿದ್ದು ಒಂದು ಬಿಡಿಕಾಸಿನ ಉಪಾಯ: ಪಾತ್ರಗಳಿಗೆ ಮನೆಯವರ ಹೆಸರಿಡುವುದು. ಕ್ರೋನೋ ಟ್ರಿಗರ್‌ನಲ್ಲಿ ಐದು ಇಂಗ್ಲಿಷ್ ಅಕ್ಷರಕ್ಕೆ ಜಾಗ, ಪುಟ್ಟಿ ಎಂಬ ಹೆಸರು ಸರಿಯಾಗಿ ಹಿಡಿಸುತ್ತದೆ. ಪುಟ್ಟಿಗೆ ಏಟು ಬಿದ್ದರೆ ಮನೆಯವರೆಲ್ಲ ಬಂದು ನೋಡುತ್ತಾರೆ, ಆಮೇಲೆ ಆಟ ಬಿಡಲು ಅವರು ಬಿಡುವುದಿಲ್ಲ.

ಅರ್ತ್‌ಬೌಂಡ್ ಎಂಬ ಇನ್ನೊಂದು ಹಳೆಯ ಆರ್‌ಪಿಜಿ ಬಗ್ಗೆ ಹಲವರು ಕೇಳಿದ್ದಾರೆ. ಊರೂರಿನಲ್ಲಿ ಹಣ ಪಡೆದು ಸುಳಿವು ಮಾರುವವರಿದ್ದಾರೆ, ಸೇವ್ ಮಾಡಲು ಅಪ್ಪನಿಗೆ ಫೋನ್ ಮಾಡಬೇಕು, ದುರ್ಬಲ ಶತ್ರುವನ್ನು ಮುಟ್ಟಿದರೆ ಕಾಳಗವಿಲ್ಲದೆ ಗೆಲುವು. ನನ್ನ ಜರಡಿಯಲ್ಲಿ ಪೂರ್ತಿ ಪಾಸು. ಆದರೂ ಮೊದಲ ಮೂರರಲ್ಲಿ ಇಟ್ಟಿಲ್ಲ. ಆ ಆಟ ಉಳಿದ ಆರ್‌ಪಿಜಿಗಳ ರೂಢಿಗಳನ್ನೆಲ್ಲ ತಿರುಗಿಸಿ ಆಡುತ್ತದೆ. ರೂಢಿ ಗೊತ್ತಿಲ್ಲದವರಿಗೆ ಆ ತಿರುವಿನ ರುಚಿ ಅರ್ಧವೇ ಸಿಗುತ್ತದೆ. ಐದನೆಯದಾಗಿ ಆಡಿದವರು ಕುಣಿದಾಡಿದರು.

ಏಳನೆಯ ಫೈನಲ್ ಫ್ಯಾಂಟಸಿಗೆ ಆರನೆಯ ಸ್ಥಾನ. ಅದು ಕಡಿಮೆ ಎಂದು ಯಾರೂ ತಿಳಿಯಬೇಡಿ. ಆ ಹೊತ್ತಿಗೆ ಕೈ ಪಳಗಿರುತ್ತದೆ, ಮಿಡ್‌ಗಾರ್ ನಗರದಿಂದ ಹೊರಬಂದು ಬಯಲು ಕಂಡಾಗಿನ ಆ ಕ್ಷಣ ಪೂರ್ತಿ ದಕ್ಕುತ್ತದೆ. 1987ರ ಮೊದಲ ಫ್ಯಾಂಟಸಿ ಸ್ಟಾರ್ ಮತ್ತು ಡ್ರ್ಯಾಗನ್ ಕ್ವೆಸ್ಟ್ ಒಂದು ಇವೆಲ್ಲ ಆಮೇಲೆ, ಬೇರು ನೋಡುವ ಆಸೆ ತಾನಾಗಿ ಹುಟ್ಟಿದಾಗ. ಅಕ್ಕನ ಮಗ ಈಗ ಚೌಕಳಿ ಕಾಗದದಲ್ಲಿ ಫ್ಯಾಂಟಸಿ ಸ್ಟಾರ್ ಗುಹೆಗಳ ನಕ್ಷೆ ಬರೆಯುತ್ತಿದ್ದಾನೆ. ಎರಡು ಸಲ ಮಾಯವಾದ ಹುಡುಗನೇ ಅವನು.

ಈ ದಾರಿಯಲ್ಲಿ ಮೊದಲ ನಾಲ್ಕು ಆಟಕ್ಕೆ ನನಗೆ ತಗಲಿದ್ದು ಎಲ್ಲ ಸೇರಿ ನಾಲ್ಕು ಸಾವಿರದೊಳಗೆ, ಫೋನಿಗೆ ಸಿಕ್ಕಿಸುವ ಕಂಟ್ರೋಲರ್‌ನ ಸುಮಾರು ಸಾವಿರದೈನೂರು ಸೇರಿ. ಭಾವನಿಗೆ ಅದೂ ಬೇಕಾಗಲಿಲ್ಲ. ಒಂದು ಮುಗಿಯುವ ತನಕ ಇನ್ನೊಂದನ್ನು ಕೊಳ್ಳಬೇಡಿ. ಈ ಹಳೆಯ ಆಟಗಳು ವರ್ಷದಲ್ಲಿ ಹಲವು ಸಲ ಸೇಲ್‌ಗೆ ಬರುತ್ತವೆ, ನೀವು ಕೊನೆಯ ಕಾಳಗ ಗೆಲ್ಲುವ ಹೊತ್ತಿಗೆ ಮುಂದಿನದು ಅರ್ಧ ಬೆಲೆಗೆ ಬಂದೇ ಇರುತ್ತದೆ.