ಬಾಯ್ಲರ್‌ಗೆ ಮರ ಹಾಕಿ, ಇಂಗಾಲದ ಲೆಕ್ಕ ನಾನೇ ಬರೆದಿಟ್ಟೆ

ನಮ್ಮ ಕಾರ್ಖಾನೆಯ ಬಾಯ್ಲರ್ ಕಲ್ಲಿದ್ದಲು ಬಿಟ್ಟು ಮರದ ಚಕ್ಕೆಗೆ ಬಂದ ಮೇಲೆ, ವರದಿಯಲ್ಲಿ ಇಂಧನದ ಇಂಗಾಲ ಒಮ್ಮೆಲೇ ಸೊನ್ನೆಗೆ ಇಳಿಯಿತು. ಎಲ್ಲರಿಗೂ ಖುಷಿ. ಬಾಯ್ಲರ್ ನೋಡಿಕೊಳ್ಳುವವನು ನಾನು, ಚಿಮಣಿಯಿಂದ ಏನು ಹೋಗುತ್ತಿದೆ ಅಂತ ದಿನಾ ಕಾಣುತ್ತದೆ. ಹಾಗಾಗಿ ವರದಿಯ ಲೆಕ್ಕದ ಪಕ್ಕದಲ್ಲಿ ನನ್ನದೇ ಒಂದು ಲೆಕ್ಕ ಶುರು ಮಾಡಿದೆ.

ಮೊದಲ ಹೆಜ್ಜೆ ಸುಲಭ. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. 1 ಕೆಜಿ ಒಣ ಮರ ಪೂರ್ತಿ ಉರಿದರೆ ಸುಮಾರು 1.83 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಗಾಳಿಯ ಆಮ್ಲಜನಕ ಸೇರಿಕೊಳ್ಳುವುದರಿಂದ ತೂಕ ಏರುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿರುವ ಅಂಕಿ ನೋಡಿ: 1 ಗಿಗಾಜೂಲ್ (ಶಾಖ ಅಳೆಯುವ ಮಾನ, 1000 ಮೆಗಾಜೂಲ್) ಶಾಖಕ್ಕೆ ಮರದಿಂದ 112 ಕೆಜಿ, ಕಲ್ಲಿದ್ದಲಿನಿಂದ 94.6 ಕೆಜಿ, ನೈಸರ್ಗಿಕ ಅನಿಲದಿಂದ 56.1 ಕೆಜಿ. ಚಿಮಣಿಯ ಬಾಯಲ್ಲೇ ಅಳೆದರೆ ಮರವೇ ಮುಂದೆ!

ಹಾಗಾದರೆ ಸೊನ್ನೆ ಎಲ್ಲಿಂದ ಬಂತು? ಮರ ಕಡಿದಾಗಲೇ ಅದರ ಇಂಗಾಲವನ್ನು ಭೂಬಳಕೆಯ ಲೆಕ್ಕದಲ್ಲಿ ಬರೆಯಬೇಕು ಅನ್ನುವುದು ನಿಯಮ. ಉರಿಸಿದಾಗಲೂ ಬರೆದರೆ ಎರಡು ಸಲ ಆಗುತ್ತದೆ, ಅದಕ್ಕೇ ಇಂಧನದ ಖಾತೆಯಲ್ಲಿ ಸೊನ್ನೆ. ದೇಶದ ಮಟ್ಟಕ್ಕೆ ಇದು ಸರಿ. ಆದರೆ ಕಾಡಿನ ಖಾತೆ ಬರೆಯುವವರು ಒಬ್ಬರು, ಬಾಯ್ಲರ್ ಖಾತೆ ಬರೆಯುವವರು ಇನ್ನೊಬ್ಬರು. ಮೊದಲನೆಯವರು ಸರಿಯಾಗಿ ಬರೆಯದಿದ್ದರೆ ಆ ಇಂಗಾಲ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. 2009ರಲ್ಲಿ ಅಮೆರಿಕದ ಸಂಶೋಧಕ ಟಿಮೊಥಿ ಸರ್ಚಿಂಜರ್ ಮತ್ತು ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ಎತ್ತಿದ ತಕರಾರು ಇದೇ.

ನನ್ನ ಕೈಯಲ್ಲಿದ್ದದ್ದು ಎರಡು: ತೇವಾಂಶ, ಮತ್ತು ಮರ ಬಂದ ಜಾಗ.

ತೇವಾಂಶದ್ದು ಬೇಗ ಹಿಡಿತಕ್ಕೆ ಬಂತು. ಪ್ರತಿ ಲೋಡಿನಿಂದ ಮೇಲೆ, ನಡುವೆ, ತಳದಲ್ಲಿ ಒಂದೊಂದು ಹಿಡಿ ಚಕ್ಕೆ ತೆಗೆದು ಕಲಸಿ, ತಟ್ಟೆಗೆ ಹಾಕಿ ತೂಗುವುದು. 105 ಡಿಗ್ರಿ ಒಲೆಯಲ್ಲಿ ಇಟ್ಟು, ತೂಕ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಒಣಗಿಸಿ ಮತ್ತೆ ತೂಗುವುದು. ಕಳೆದುಹೋದದ್ದು ನೀರು. ಹೊರಗೆ ಒಣಗಿದಂತೆ ಕಾಣುವ ಚಕ್ಕೆಯೂ ಮುರಿದರೆ ಒಳಗೆ ತಣ್ಣಗೆ, ಬೆರಳಿಗೆ ಅಂಟುವ ಹಾಗೆ ಇರುತ್ತದೆ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಅರ್ಧ ತೂಕ ನೀರೇ ಇದ್ದರೆ ಒಂದು ಕೆಜಿಯಿಂದ ಸುಮಾರು 8 ಮೆಗಾಜೂಲ್ ಶಾಖ, ಕಾಲು ಭಾಗ ನೀರಿದ್ದರೆ ಸುಮಾರು 13. ನೀರನ್ನು ಆವಿ ಮಾಡಲು ಹೋದ ಶಾಖ ಚಿಮಣಿಯಲ್ಲೇ ಹಾರಿಹೋಗುತ್ತದೆ. ಅಷ್ಟೇ ಸ್ಟೀಮ್ ಬೇಕೆಂದರೆ ಒಣ ಮರದ ಲೆಕ್ಕದಲ್ಲೂ ಜಾಸ್ತಿ ಸುಡಬೇಕು, ಇಂಗಾಲವೂ ಜಾಸ್ತಿ. ಹಸಿ ಚಕ್ಕೆಗೆ ಉರಿ ಕುಂದಿ ಮಸಿ, ಕಾರ್ಬನ್ ಮೊನಾಕ್ಸೈಡ್ ಏಳುವುದು ಬೇರೆ. ತೂಕಕ್ಕೆ ಹಣ ಕೊಟ್ಟು ನೀರು ಕೊಳ್ಳುವುದು ಯಾರಿಗೆ ಬೇಕು? ಈಗ ನಾವು ಕೊಡುವುದು ಒಣ ತೂಕಕ್ಕೆ.

ರಾಶಿ ಹಾಕುವ ರೀತಿಯೂ ಬದಲಾಯಿತು. ಹಸಿ ಚಕ್ಕೆಯನ್ನು ಎತ್ತರಕ್ಕೆ ಸುರಿದು ಬಿಟ್ಟರೆ ಒಳಗೆ ಸೂಕ್ಷ್ಮಜೀವಿಗಳ ಕೆಲಸ ಶುರು. ಬೆಳಿಗ್ಗೆ ಸಲಿಕೆ ಹಾಕಿದರೆ ಹಬೆ ಏಳುತ್ತದೆ, ಹುಳಿ ವಾಸನೆ ಬರುತ್ತದೆ. ಅಂದರೆ ಬಾಯ್ಲರ್‌ಗೆ ಹೋಗುವ ಮೊದಲೇ ಇಂಗಾಲ ಗಾಳಿಗೆ ಹೋಗುತ್ತಿದೆ, ಗಾಳಿಯಾಡದ ಜಾಗದಲ್ಲಿ ಮೀಥೇನ್ ಆಗಿಯೂ. ಈಗ ರಾಶಿ ತಗ್ಗು, ಮೇಲೆ ಸೂರು, ಮೊದಲು ಬಂದದ್ದು ಮೊದಲು ಒಲೆಗೆ.

ಸಭೆಗಳಲ್ಲಿ ಮಾತ್ರ ಎಲ್ಲರೂ ಲಾರಿಯ ಡೀಸೆಲ್ ಹಿಡಿದುಕೊಂಡು ಕೂರುತ್ತಿದ್ದರು. ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಒಂದು ಲೋಡಿಗೆ 100 ಲೀಟರ್ ಸುಟ್ಟರೂ 270 ಕೆಜಿ. ಅದೇ ಲೋಡಿನಲ್ಲಿ ಅರ್ಧ ತೂಕ ನೀರೇ ಇರುವ 10 ಟನ್ ಚಕ್ಕೆ ಇದ್ದರೆ, ಉರಿಸಿದಾಗ ಬರುವುದು 9 ಟನ್‌ಗೂ ಮೇಲೆ. ಅಷ್ಟೇ ಶಾಖ ಕಲ್ಲಿದ್ದಲಿನಿಂದ ಬಂದಿದ್ದರೆ ಸುಮಾರು 7.6 ಟನ್. ಜಗಳ ಆಡುವುದಾದರೆ ಈ 9 ಟನ್ ಬಗ್ಗೆ ಆಡಬೇಕು, ಅಲ್ವಾ?

ಅಲ್ಲಿಗೆ ಉಳಿಯುವುದು ಒಂದೇ ಪ್ರಶ್ನೆ. ನಾವು ಸುಡದಿದ್ದರೆ ಈ ಮರ ಏನಾಗುತ್ತಿತ್ತು? ಅದಕ್ಕಾಗಿ ಪ್ರತಿ ಲೋಡಿನ ಚೀಟಿಯಲ್ಲಿ ಒಂದು ಸಾಲು ಸೇರಿಸಿದೆ. ಸಾಮಿಲ್‌ನ ಹೊಟ್ಟು, ಅಂಚುಪಟ್ಟಿಗಳು ಹೇಗೂ ಕೊಳೆಯುತ್ತಿದ್ದವು ಇಲ್ಲವೇ ಬಯಲಲ್ಲಿ ಸುಟ್ಟುಹೋಗುತ್ತಿದ್ದವು. ಅವನ್ನು ಉರಿಸಿದರೆ ವಾತಾವರಣಕ್ಕೆ ಹೊಸ ಭಾರ ಕಡಿಮೆ. ಕೊಂಬೆ ರೆಂಬೆಗಳದ್ದು ನಡುವಿನ ಲೆಕ್ಕ. ತೆಳ್ಳನೆಯವು ಬೇಗ ಕೊಳೆಯುತ್ತವೆ, ದಪ್ಪನೆಯವಕ್ಕೆ ವರ್ಷಗಳೇ ಬೇಕು. ಎಲ್ಲವನ್ನೂ ಗುಡಿಸಿ ತಂದರೆ ಮಣ್ಣಿಗೂ ಏನೂ ಉಳಿಯುವುದಿಲ್ಲ. ಇನ್ನು ಬೆಳೆಯುತ್ತಿದ್ದ ಮರದ ದಿಮ್ಮಿಯೇ ಬಂದರೆ ಅದು ಸಾಲ. ಇಂದು ಹೊರಬಿದ್ದ ಇಂಗಾಲವನ್ನು ಹೊಸ ಮರ ದಶಕಗಳ ಕಾಲ ತೀರಿಸಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ಗಾಗಿ ಮ್ಯಾನೊಮೆಟ್ ಸಂಸ್ಥೆ 2010ರಲ್ಲಿ ಮಾಡಿದ ಅಧ್ಯಯನದ ಪ್ರಕಾರ, ಕಾಡಿನ ಮರದಿಂದ ವಿದ್ಯುತ್ ಮಾಡಿದರೆ, ಕಲ್ಲಿದ್ದಲಿಗೆ ಹೋಲಿಸಿ ಆ ಸಾಲ ತೀರಲು 20 ವರ್ಷಕ್ಕೂ ಸ್ವಲ್ಪ ಜಾಸ್ತಿ, ಅನಿಲಕ್ಕೆ ಹೋಲಿಸಿದರೆ 90ಕ್ಕೂ ಹೆಚ್ಚು. ಅಲ್ಲಿನ ಕಾಡಿನ ಅಂಕಿ ನಮಗೆ ಹಾಗೆಯೇ ಹೊಂದುವುದಿಲ್ಲ, ನಿಜ. ಆದರೆ ಯಾವುದರ ಬದಲಿಗೆ ಸುಡುತ್ತಿದ್ದೀರಿ ಅನ್ನುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಒಂದು ಲೋಡು ಬಂದಾಗ ಬಾಯ್ಲರ್ ಆಪರೇಟರ್ ಕೂಗಿ ಕರೆದರು. “ಸಾರ್, ಚೀಟೀಲಿ ವೇಸ್ಟ್ ಅಂತಿದೆ. ಇಲ್ನೋಡಿ, ಎಲ್ಲಾ ಒಂದೇ ಬಣ್ಣ, ತೊಗಟೆ ಹೆಚ್ಚು ಇಲ್ಲ.” ಅವರು ಹೇಳಿದ್ದು ಸರಿ. ರೆಂಬೆಯ ಚಕ್ಕೆಯಲ್ಲಿ ತೊಗಟೆ, ಕಡ್ಡಿ, ಎಲೆಚೂರು ಎಲ್ಲ ಇರುತ್ತದೆ. ಇದು ನೆಟ್ಟಗಿನ ದಿಮ್ಮಿ ಪುಡಿ ಮಾಡಿದ್ದು. ಆ ಲೋಡು ವಾಪಸ್ ಹೋಯಿತು. ದಿಮ್ಮಿಯ ಚಕ್ಕೆ ಈಗ ಕೊಳ್ಳುವುದಿಲ್ಲ. ಹೊಟ್ಟು, ಪಟ್ಟಿ ಸಾಕಾಗದ ತಿಂಗಳಲ್ಲಿ ಸ್ಟೀಮನ್ನೇ ಕಡಿಮೆ ಬಳಸುವ ದಾರಿ ಹುಡುಕುತ್ತೇವೆ. ಸೋರುವ ಸ್ಟೀಮ್ ಟ್ರ್ಯಾಪ್‌ಗಳನ್ನು (ಪೈಪಿನಲ್ಲಿ ಕೂಡುವ ನೀರನ್ನಷ್ಟೇ ಹೊರಬಿಟ್ಟು ಸ್ಟೀಮ್ ತಡೆಯುವ ಕವಾಟಗಳು) ಬದಲಿಸಿ, ಬರಿ ಪೈಪುಗಳಿಗೆ ಹೊದಿಕೆ ಸುತ್ತಿದ ಮೇಲೆ ಬೇಡಿಕೆ ಚೆನ್ನಾಗಿಯೇ ಇಳಿಯಿತು.

ವರದಿಯಲ್ಲಿ ಸೊನ್ನೆ ಈಗಲೂ ಇದೆ, ನಿಯಮ ಹಾಗಿದೆ. ಅದರ ಕೆಳಗೆ ಮರದಿಂದ ಹೊರಟ ಒಟ್ಟು ಟನ್ ಬೇರೆ ಸಾಲಿನಲ್ಲಿ ಬರುತ್ತದೆ, ಯಾವ ಮೂಲದಿಂದ ಎಷ್ಟು ಅಂತ. ಸದ್ಯ ಚಿಮಣಿಗೆ ಹೋಗುವ ಬಿಸಿಯಲ್ಲಿ ಸ್ವಲ್ಪವನ್ನು ಚಕ್ಕೆ ಒಣಗಿಸಲು ತಿರುಗಿಸುವ ಕೆಲಸ ನಡೆದಿದೆ. ಕಿಡಿ ಒಣ ಚಕ್ಕೆಗೆ ಹಾರದ ಹಾಗೆ ಅದನ್ನು ಹೇಗೆ ಕೂರಿಸುವುದು ಅನ್ನುವುದೇ ಈಗಿನ ತಲೆನೋವು.