ಬಿಪಿ ನಿಲ್ಲದ ರೋಗಿಗೆ ರೆಕ್ಟಲ್ ಪ್ರೊಲ್ಯಾಪ್ಸ್ ಆದಾಗ: ನನ್ನ ಅನುಭವ

ಗುದನಾಳ ಜಾರಿ ಮಲದ್ವಾರದಿಂದ ಹೊರಗೆ ಬರುವುದೇ ರೆಕ್ಟಲ್ ಪ್ರೊಲ್ಯಾಪ್ಸ್. ಆರೋಗ್ಯ ಗಟ್ಟಿ ಇದ್ದವರಿಗೆ ಹೊಟ್ಟೆಯ ಕಡೆಯಿಂದ ಹೋಗಿ, ಅದನ್ನು ಮೇಲೆಳೆದು ಬೆನ್ನುಮೂಳೆಯ ಬುಡಕ್ಕೆ ಹೊಲಿದು ನಿಲ್ಲಿಸುತ್ತೇವೆ. ಆದರೆ ನನ್ನ ಹತ್ತಿರ ಬರುವ ಎಷ್ಟೋ ಜನರಿಗೆ ವಯಸ್ಸಾಗಿರುತ್ತದೆ, ಹೃದಯ ಸೋತಿರುತ್ತದೆ, ಬಿಪಿ ನಿಲ್ಲದೆ ಕುಸಿಯುತ್ತಿರುತ್ತದೆ. ಅವರಿಗೆ ಹೊಟ್ಟೆ ತೆರೆಯುವ ಮಾತೇ ಬೇಡ.

ಮೊದಲು ನೋಡುವುದು ಬಣ್ಣ. ಹೊರಬಂದ ಕರುಳು ಕೆಂಪಗೆ ಊದಿಕೊಂಡು, ಮುಟ್ಟಿದರೆ ರಕ್ತ ಜಿನುಗಿದರೆ ಇನ್ನೂ ಜೀವ ಇದೆ. ಕಪ್ಪಾಗಿ ವಾಸನೆ ಬರುತ್ತಿದ್ದರೆ ಕಾಯುವ ಹಾಗಿಲ್ಲ.

ಜೀವ ಇದ್ದರೆ ನಾನು ಥಿಯೇಟರ್‌ಗೆ ಓಡುವುದಿಲ್ಲ, ಸಕ್ಕರೆ ತರಿಸುತ್ತೇನೆ. ಹೌದು, ಟೀಗೆ ಹಾಕುವ ಸಕ್ಕರೆಯೇ. ಕರುಳಿನ ಮೇಲೆ ಧಾರಾಳವಾಗಿ ಸುರಿದು ಹದಿನೈದು-ಇಪ್ಪತ್ತು ನಿಮಿಷ ಬಿಟ್ಟರೆ ಊತದ ನೀರನ್ನು ಅದು ಹೀರಿಕೊಳ್ಳುತ್ತದೆ. ತೊಟ್ಟಿಕ್ಕುವುದು ಕಣ್ಣಿಗೇ ಕಾಣುತ್ತದೆ, ಬಿಗಿದಿದ್ದ ಗಡ್ಡೆ ಸುಕ್ಕುಗಟ್ಟಿ ಮೆತ್ತಗಾಗುತ್ತದೆ. ಆಮೇಲೆ ನೋವಿಗೆ ಔಷಧಿ ಕೊಟ್ಟು, ಮಂಚದ ತಲೆಭಾಗ ತಗ್ಗಿಸಿ, ಎರಡೂ ಕೈಯಿಂದ ಸುತ್ತ ಒತ್ತಿ ಹಿಡಿಯುತ್ತೇನೆ. ಬುಡದಿಂದ ತಳ್ಳಿದರೆ ಇನ್ನಷ್ಟು ಉಬ್ಬುತ್ತದೆ ಅಷ್ಟೆ. ತುದಿಯಲ್ಲಿರುವ ಬಾಯಿ ಮೊದಲು ಒಳಗೆ ಹೋಗಬೇಕು. ಅವಸರ ಮಾಡಬಾರದು.

ಒಳಗೆ ಹೋಯಿತೆಂದರೆ ತುರ್ತು ಮುಗಿದ ಹಾಗೆ. ಡ್ರಿಪ್, ಆ್ಯಂಟಿಬಯೋಟಿಕ್, ಹೃದಯದ ಚಿಕಿತ್ಸೆ ಎಲ್ಲದಕ್ಕೂ ಸಮಯ ಸಿಗುತ್ತದೆ. ರೋಗಿ ಚೇತರಿಸಿಕೊಂಡ ಮೇಲೆ ಕೆಳಗಿನಿಂದಲೇ ಆಪರೇಷನ್. ಸ್ಪೈನಲ್, ಅಂದರೆ ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಅರಿವಳಿಕೆ ಸಾಕು, ಕೆಲವರಿಗೆ ಆ ಜಾಗವನ್ನಷ್ಟೇ ಮರಗಟ್ಟಿಸಿದರೂ ನಡೆಯುತ್ತದೆ. ಚಿಕ್ಕ ಪ್ರೊಲ್ಯಾಪ್ಸ್‌ಗೆ ಡೆಲಾರ್ಮ್: ಒಳಪೊರೆಯನ್ನು ಮಾತ್ರ ಸುಲಿದು, ಸ್ನಾಯುವನ್ನು ನೆರಿಗೆ ಹಿಡಿದು ಹೊಲಿಯುವುದು. ರಕ್ತ ಸೋರುವುದನ್ನು ಕಮ್ಮಿ ಮಾಡಲು ಪೊರೆಯ ಕೆಳಗೆ ಅಡ್ರಿನಲಿನ್ ಬೆರೆಸಿದ ಸಲೈನ್ ಚುಚ್ಚುತ್ತೇವೆ. ಅಡ್ರಿನಲಿನ್ ಹೃದಯದ ಬಡಿತ ಏರಿಸಬಹುದು, ಹಾಗಾಗಿ ಹೃದಯ ಸೋತವರಾದರೆ ಅರಿವಳಿಕೆ ವೈದ್ಯರಿಗೆ ಹೇಳದೆ ಆ ಸಿರಿಂಜ್ ಮುಟ್ಟುವುದಿಲ್ಲ. ಉದ್ದ ಜಾಸ್ತಿ ಇದ್ದರೆ ಆಲ್ಟಮೇಯರ್, ಅಂದರೆ ಜಾರಿದ ಕರುಳನ್ನೇ ಕೆಳಗಿನಿಂದ ಕತ್ತರಿಸಿ ಜೋಡಿಸುವುದು.

ಕರುಳು ಸತ್ತಿದ್ದರೆ ಅದೇ ದಿನ ಕತ್ತರಿಸಲೇಬೇಕು. ಬಿಪಿ ಏರಿಸುವ ಔಷಧಿಯ ಮೇಲೆಯೇ ನಿಂತಿರುವ ರೋಗಿಯಲ್ಲಿ ಜೋಡಿಸಿದ ಕರುಳು ಸೋರುವ ಭಯ ಹೆಚ್ಚು. ಅಂಥ ಕಡೆ ನಾನು ಜೋಡಿಸುವುದಿಲ್ಲ, ಕೊಲೊಸ್ಟಮಿ ಮಾಡುತ್ತೇನೆ, ಅಂದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಮಲ ಚೀಲಕ್ಕೆ ಬೀಳುವಂತೆ ಮಾಡುವುದು. ಮನೆಯವರಿಗೆ ಚೀಲ ಅಂದರೆ ಆಗುವುದಿಲ್ಲ, ಕೂತು ಮಾತಾಡಬೇಕು.

1891ರ ಥಿಯರ್ಶ್ ತಂತಿ, ಅಂದರೆ ಮಲದ್ವಾರದ ಸುತ್ತ ತಂತಿ ಬಿಗಿಯುವ ವಿಧಾನ, ಸುಲಭ ಅನ್ನಿಸಬಹುದು. ನನಗೆ ಒಲವಿಲ್ಲ. ಕೀವು ಆಗುತ್ತದೆ, ತಂತಿ ಚರ್ಮ ಕೊರೆದು ಹೊರಬರುತ್ತದೆ, ಮಲ ಕಟ್ಟಿಕೊಳ್ಳುತ್ತದೆ.

“ಡಾಕ್ಟ್ರೇ, ಮತ್ತೆ ಬರಲ್ಲ ಅಲ್ವಾ?” ಅಂತ ಎಲ್ಲರೂ ಕೇಳುತ್ತಾರೆ. ಬರಬಹುದು ಅಂತಲೇ ಹೇಳುತ್ತೇನೆ. ಆಲ್ಟಮೇಯರ್ ಆದವರಿಗೆ ಮತ್ತೆ ಜಾರಿ, ಮುಂದೆ ಯಾರಾದರೂ ಹೊಟ್ಟೆಯಿಂದ ಕರುಳು ಕತ್ತರಿಸಿದರೆ, ಹಳೆ ಜೋಡಣೆ ಹೊಸ ಜೋಡಣೆಗಳ ನಡುವೆ ಉಳಿದ ತುಂಡಿಗೆ ರಕ್ತ ಸಿಗದೆ ಹೋಗಬಹುದು. ಅದಕ್ಕೇ ಏನು ಮಾಡಿದೆವು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸುತ್ತೇನೆ.